ಮೂರು ಗಂಟೆಯ ಕತ್ತಲೆಗೆ ಎಂಟು ಪೈಸೆ

ಆಟಿ ತಿಂಗಳ ಮಳೆಯ ಬಗ್ಗೆ ನಮ್ಮ ಗಡಿನಾಡಿನವರಿಗೆ ಹೇಳಬೇಕಾಗಿಲ್ಲ. ಮಧ್ಯಾಹ್ನ ಮೂರು ಗಂಟೆಗೇ ತರಗತಿಯೊಳಗೆ ಕತ್ತಲೆ. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ನಾವು ಹೇಳಿದ ಪಾಠ ನಮಗೇ ಕೇಳುವುದಿಲ್ಲ. ಅಂಥ ಹೊತ್ತಿನಲ್ಲಿ ನಾವು ಮಾಡುವ ಕೆಲಸ ಒಂದೇ, ಮಕ್ಕಳ ಮನೆಕೆಲಸದ ಪುಸ್ತಕ ನೋಡುವುದು.

2025ರ ಜುಲೈಯಲ್ಲಿ ಹಾಗೆ ಪುಸ್ತಕ ನೋಡುತ್ತಾ ಕೂತಿದ್ದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳ ಗಣಿತದ ಪುಸ್ತಕ ಕೈಗೆ ಬಂತು. ಹುಡುಗಿ ಜಾಣೆ, ಅಕ್ಷರ ಮುತ್ತಿನ ಹಾಗೆ. ಆದರೆ ಎರಡು ವಾರದಿಂದ ಮನೆಕೆಲಸ ಮಾಡಿರಲಿಲ್ಲ. ಕೊನೆಯ ಪುಟದಲ್ಲಿ ಮಾತ್ರ ಸ್ಕೇಲು ಇಟ್ಟು ಗೆರೆ ಎಳೆದು ಚಂದದ ಒಂದು ಪಟ್ಟಿ ಮಾಡಿದ್ದಳು. ತಾರೀಕು, ದೀಪ ಆರಿಸಿದ ಗಂಟೆ, ಉಳಿದ ಹಣ. ಪ್ರತಿದಿನವೂ ಮೂರು ಗಂಟೆ, ಪ್ರತಿದಿನವೂ ಒಂಬತ್ತು ರೂಪಾಯಿ. ಹದಿನಾಲ್ಕು ದಿನಕ್ಕೆ ನೂರ ಇಪ್ಪತ್ತಾರು ರೂಪಾಯಿ ಎಂದು ಕೂಡಿಸಿ ಕೆಳಗೆ ಎರಡು ಗೆರೆ ಹಾಕಿದ್ದಳು.

"ಇದೆಂತ ಮಗಾ?" ಎಂದು ಕೇಳಿದೆವು.

"ನಮ್ಮ ಮನೆಯ ಕರೆಂಟಿನ ಲಾಭ ಟೀಚರ್. ನೀವೇ ಹೇಳಿಕೊಟ್ಟದ್ದಲ್ವಾ?" ಎಂದಳು.

ಹೌದು, ನಾವೇ ಹೇಳಿಕೊಟ್ಟದ್ದು. ನಾವು ಎಂದರೆ ಈ ಶಾಲೆಯ ಮಾಸ್ಟ್ರುಗಳೂ ಟೀಚರ್‌ಗಳೂ. ತಪ್ಪು ಒಬ್ಬರದ್ದಲ್ಲ, ಎಲ್ಲರೂ ಸೇರಿ ಮಾಡಿದ್ದು. ಹಾಗಾಗಿ ಎಲ್ಲರ ಪರವಾಗಿಯೇ ಬರೆಯುತ್ತಿದ್ದೇವೆ.

ಸಂಗತಿ ಮೊದಲಿನಿಂದ ಹೇಳಬೇಕು. ನಮ್ಮ ಶಾಲೆಯಿಂದ ಒಂದು ಮೈಲಿ ಮೇಲೆ, ಪದವಿನ ಅಂಚಿನಲ್ಲಿ, ಪರಿಶಿಷ್ಟ ಜಾತಿಯ ಹದಿನೈದಿಪ್ಪತ್ತು ಕುಟುಂಬಗಳು ಇವೆ. ಮೊದಲು ಅದಕ್ಕೆ ಕಾಲನಿ ಎನ್ನುತ್ತಿದ್ದರು. 2024ರ ಜೂನ್‌ನಲ್ಲಿ ಕೇರಳ ಸರಕಾರ ಆ ಹೆಸರು ಇನ್ನು ಬೇಡ ಎಂದು ಆದೇಶ ಹೊರಡಿಸಿತು. ಈಗ ಬೋರ್ಡಿನಲ್ಲಿ ನಗರ ಎಂದು ಉಂಟು. ಅಲ್ಲಿನ ಮಕ್ಕಳು ಹೆಚ್ಚಿನವರೂ ನಮ್ಮ ಶಾಲೆಗೇ ಬರುವವರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲೆಯಾಳ. ಗಂಡಸರಿಗೆ ಕೂಲಿ ಕೆಲಸ, ಕಲ್ಲಿನ ಕೋರೆಯ ಕೆಲಸ. ಹೆಂಗಸರು ಹಗಲು ತೊಳಿಲುರಪ್ಪಿಗೆ ಹೋಗಿ ರಾತ್ರಿ ಬೀಡಿ ಕಟ್ಟುತ್ತಾರೆ. ಮುಳಿಹುಲ್ಲಿನ ಮಾಡು, ಟಾರ್ಪಾಲು ಎಲ್ಲ ಹೋಗಿ ಈಗ ಲೈಫ್ ಮಿಷನ್‌ನ ಮನೆಗಳಾಗಿವೆ. 2016ರಲ್ಲಿ ಶುರುವಾದ ಯೋಜನೆ ಇದು, ಮನೆ ಕಟ್ಟಲು ನಾಲ್ಕು ಲಕ್ಷ ರೂಪಾಯಿ ಕೊಡುತ್ತಾರೆ. ಎರಡು ಕೋಣೆ, ಒಂದು ಅಡುಗೆಮನೆ, ಮೇಲೆ ಕಾಂಕ್ರೀಟಿನ ತಾರಸಿ.

2024ರ ಕೊನೆಗೆ ಆ ತಾರಸಿಗಳಲ್ಲಿ ಕೆಲವಕ್ಕೆ ಸೋಲಾರ್ ಫಲಕಗಳು ಬಂದವು. ಸರಕಾರದ ಅನೆರ್ಟ್ ಸಂಸ್ಥೆಯವರ 'ಹರಿತ ವರುಮಾನ' ಎಂಬ ಯೋಜನೆ ಉಂಟು. ಹರಿತ ಎಂದರೆ ಹಸಿರು, ವರುಮಾನ ಎಂದರೆ ಆದಾಯ. ಲೈಫ್‌ನಂಥ ವಸತಿ ಯೋಜನೆಗಳಲ್ಲಿ ಕಟ್ಟಿದ ಬಡವರ ಮನೆಯ ಮೇಲೆ ಖರ್ಚಿಲ್ಲದೆ ಫಲಕ ಹಾಕಿಕೊಡುವುದು, ಮನೆಗೆ ಬೇಕಾದ ಕರೆಂಟು ಅವರೇ ಬಳಸುವುದು, ಮಿಕ್ಕಿದ್ದನ್ನು ವಿದ್ಯುತ್ ಮಂಡಳಿಯ ಲೈನಿಗೆ ಕೊಟ್ಟು ಹಣ ಪಡೆಯುವುದು. ಹೆಸರಿನಲ್ಲೇ ಆದಾಯ ಇರುವ ಯೋಜನೆ. ನಮ್ಮ ಮಕ್ಕಳ ಮನೆಗಳಿಗೆ ಬಂದದ್ದು ಎರಡು ಕಿಲೋವಾಟಿನದ್ದು.

ಇದು ಹೇಗೆ ನಡೆಯುತ್ತದೆ ಎಂದು ಗೊತ್ತಿಲ್ಲದವರಿಗಾಗಿ ಎರಡು ಮಾತು. ಇದಕ್ಕೆ ಬ್ಯಾಟರಿ ಇಲ್ಲ. ಹಗಲು ಆದ ಕರೆಂಟಿನಲ್ಲಿ ಮನೆಗೆ ಬೇಕಾದಷ್ಟು ಮನೆಗೆ, ಉಳಿದದ್ದು ಕಂಬದ ಲೈನಿಗೆ. ರಾತ್ರಿ ಬೇಕಾದ ಕರೆಂಟು ಲೈನಿನಿಂದ ಮನೆಗೆ. ಎರಡು ಕಡೆಗೂ ಓಡುವ ಒಂದು ಮೀಟರು ಕೊಟ್ಟದ್ದನ್ನೂ ತಗೊಂಡದ್ದನ್ನೂ ಬೇರೆ ಬೇರೆ ಬರೆದಿಡುತ್ತದೆ. ಕೊಟ್ಟದ್ದು ಹೆಚ್ಚಾದರೆ ಆ ಯೂನಿಟ್‌ಗಳು ಮನೆಯವರ ಲೆಕ್ಕದಲ್ಲಿ ಜಮೆಯಾಗಿ ಮುಂದಿನ ತಿಂಗಳಿಗೆ ಹೋಗುತ್ತವೆ. ಮಾರ್ಚ್ ಕೊನೆಗೆ ವರ್ಷದ ಲೆಕ್ಕ. ಆಗಲೂ ಉಳಿದ ಯೂನಿಟ್‌ಗಳಿಗೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ನಿಗದಿ ಮಾಡಿದ ದರದಲ್ಲಿ ಹಣ ಕೊಡುತ್ತಾರೆ. ಆ ದರ ಯೂನಿಟ್‌ಗೆ ಮೂರು ರೂಪಾಯಿಯ ಆಸುಪಾಸು.

2025ರ ಮಾರ್ಚ್ ಕಳೆದು ಆ ಮನೆಗಳಿಗೆ ಮೊದಲ ಸಲ ಹಣ ಬಂತು. ಕೆಲವೇ ತಿಂಗಳ ಲೆಕ್ಕವಾದ್ದರಿಂದ ದೊಡ್ಡ ಮೊತ್ತವಲ್ಲ, ಎರಡು ಸಾವಿರ ಚಿಲ್ಲರೆ. ಆದರೆ ತಿಂಗಳು ತಿಂಗಳು ಕರೆಂಟಿಗೆ ಹಣ ಕಟ್ಟಿಯೇ ಗೊತ್ತಿದ್ದವರಿಗೆ ಕರೆಂಟಿನಿಂದ ಹಣ ಬಂತು ಎಂದರೆ ಎಷ್ಟು ದೊಡ್ಡ ಸುದ್ದಿ! ಜೂನ್‌ನಲ್ಲಿ ಶಾಲೆ ತೆರೆದಾಗ ಮಕ್ಕಳು ಬಾಯಿ ತೆರೆದದ್ದೇ ಈ ಸುದ್ದಿಗೆ.

ನಮಗೂ ಉಮೇದು ಬಂತು. ಬಿಲ್ಲು ಇರುವುದು ಮಲೆಯಾಳದಲ್ಲಿ ಮತ್ತು ಇಂಗ್ಲಿಷಿನಲ್ಲಿ. ಅಮ್ಮಂದಿರು ಅದನ್ನು ಮಡಚಿ ರೇಷನ್ ಕಾರ್ಡಿನ ಒಳಗೆ ಇಡುತ್ತಿದ್ದರೇ ಹೊರತು ಓದುತ್ತಿರಲಿಲ್ಲ. ಇದನ್ನೇ ಪಾಠ ಮಾಡಿದರೆ ಹೇಗೆ ಎಂದು ಮಾತಾಡಿಕೊಂಡೆವು. ಮಕ್ಕಳು ಮನೆಯಿಂದ ಬಿಲ್ಲು ತಂದರು. ನಾವು ಬೋರ್ಡಿನ ಮೇಲೆ ಆಮದು, ರಫ್ತು ಎಂದು ಬರೆದೆವು. ಬಿಲ್ಲಿನಲ್ಲಿ ಇಂಪೋರ್ಟ್, ಎಕ್ಸ್‌ಪೋರ್ಟ್ ಎಂದಿತ್ತಲ್ಲ, ನಿಘಂಟು ನೋಡಿದರೆ ಅದೇ ಪದ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದುನಿಂತು, "ಸರ್, ನಮ್ಮ ಮನೆಯ ಕರೆಂಟು ಹಡಗಿನಲ್ಲಿ ಹೋಗುವುದಾ?" ಎಂದು ಕೇಳಿದ. ಸಮಾಜ ಪಾಠದಲ್ಲಿ ಅವರು ಕಲಿತದ್ದು ಕಾಳುಮೆಣಸಿನ ರಫ್ತು! ಕೂಡಲೇ ಎರಡನ್ನೂ ಅಳಿಸಿ, 'ತಗೊಂಡದ್ದು', 'ಕೊಟ್ಟದ್ದು', 'ಉಳಿದದ್ದು' ಎಂದು ಬರೆದೆವು. ಆ ಮೂರು ಪದ ಎಲ್ಲರಿಗೂ ಹಿಡಿಸಿತು. ಡ್ರಾಯಿಂಗ್ ಹಾಳೆಯ ಮೇಲೆ ಬಿಲ್ಲಿನ ದೊಡ್ಡ ಚಿತ್ರ ಬರೆದು ಬಾಣ ಹಾಕಿ ಕನ್ನಡದಲ್ಲಿ ವಿವರ ತುಂಬಿದೆವು. ಮಕ್ಕಳು ಅದನ್ನು ನೋಡಿ ಬರೆದುಕೊಂಡು ಹೋಗಿ ಅಮ್ಮಂದಿರಿಗೆ ಓದಿ ಹೇಳಿದರು. ಕುಟುಂಬಶ್ರೀಯ ಸಭೆಯಲ್ಲಿ ಒಬ್ಬಳು ಹುಡುಗಿ ಹೆಂಗಸರಿಗೆಲ್ಲ ಬಿಲ್ಲು ಓದಿ ತೋರಿಸಿದಳಂತೆ. ಅದನ್ನು ಕೇಳಿ ನಮಗೆ ಎಷ್ಟು ಖುಷಿ ಆಯಿತೆಂದರೆ ಪಾಠ ಪೂರ್ತಿಯಾಯಿತು ಎಂದೇ ತಿಳಿದೆವು.

ಆ ಹುಡುಗಿ ಇವಳೇ.

ಶನಿವಾರ ನಮ್ಮಲ್ಲಿ ಮೂವರು ಕೊಡೆ ಹಿಡಿದುಕೊಂಡು ಅವಳ ಮನೆಗೆ ಹೋದೆವು. ಸಂಜೆ ಆರೂವರೆ. ಮಳೆಗೆ ಆಗಲೇ ರಾತ್ರಿಯ ಹಾಗೆ ಇತ್ತು. ಸಾಲು ಮನೆಗಳಲ್ಲಿ ಮೂರು ನಾಲ್ಕರಲ್ಲಿ ದೀಪವೇ ಇಲ್ಲ. ಕರೆಂಟು ಹೋಗಿದೆ ಎಂದುಕೊಂಡೆವು. ಹೋಗಿರಲಿಲ್ಲ. ಹುಡುಗಿಯ ಅಮ್ಮ ಜಗಲಿಯಲ್ಲಿ, ಬೀದಿ ಕಂಬದ ಬೆಳಕು ಬೀಳುವ ಕಡೆ, ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಅಜ್ಜಿ ಬಾಗಿಲ ಹತ್ತಿರ ಕೂತಿದ್ದರು. ಹುಡುಗಿ ಒಳಗಿಂದ ಓಡಿ ಬಂದು ನಮ್ಮನ್ನು ಕಂಡು ದೀಪ ಹಾಕಿದಳು. ಅತಿಥಿಗಳಿಗೆ ಹಾಕಿದ ದೀಪ ಅದು.

ಅಮ್ಮ ಬಿಲ್ಲು ತಂದು ತೋರಿಸಿದರು. ಏಪ್ರಿಲ್‌ನಲ್ಲಿ ನೂರ ಎಪ್ಪತ್ತರ ಹತ್ತಿರ ಉಳಿದಿದ್ದ ಯೂನಿಟ್ ಈಗ ಎಪ್ಪತ್ತಕ್ಕೆ ಇಳಿದಿತ್ತು. "ನಾವೆಂತ ಹೆಚ್ಚು ಖರ್ಚು ಮಾಡಲಿಲ್ಲ ಟೀಚರ್, ಆದರೂ ಕಡಿಮೆ ಆಗಿದೆ. ಹಾಗೆ ರಾತ್ರಿ ದೀಪ ಬೇಡ ಅಂತ ಮಾಡಿದ್ದು. ಫ್ಯಾನೂ ಹಾಕುವುದಿಲ್ಲ. ಇವಳು ಲೆಕ್ಕ ಮಾಡಿ ಹೇಳಿದಳು, ಒಂದು ಗಂಟೆಗೆ ಮೂರು ರೂಪಾಯಿ ಉಳಿತದೆ ಅಂತ."

ಒಂದು ಗಂಟೆಗೆ ಮೂರು ರೂಪಾಯಿ! ಆಗ ನಮಗೆ ಹೊಳೆಯಿತು. ಯೂನಿಟ್ ಎಂದರೆ ಏನು ಎಂದು ಮಕ್ಕಳು ಕೇಳಿದಾಗ ನಾವು ಸುಲಭವಾಗಲಿ ಎಂದು ಇಸ್ತ್ರಿಪೆಟ್ಟಿಗೆಯ ಉದಾಹರಣೆ ಕೊಟ್ಟಿದ್ದೆವು. ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆ ಒಂದು ಗಂಟೆ ಇಟ್ಟರೆ ಒಂದು ಯೂನಿಟ್. ಮಕ್ಕಳ ತಲೆಯಲ್ಲಿ ಉಳಿದದ್ದು 'ಒಂದು ಗಂಟೆಗೆ ಒಂದು ಯೂನಿಟ್' ಎಂಬುದು ಮಾತ್ರ. ವಾಟು ಬಿಟ್ಟುಹೋಯಿತು. ಯಾವ ಮನೆಯಲ್ಲೂ ಇಸ್ತ್ರಿಪೆಟ್ಟಿಗೆ ಇಲ್ಲ ಎಂಬುದೂ ನಮಗೆ ಆಗ ನೆನಪಾಗಲಿಲ್ಲ.

ಅಲ್ಲೇ ಕೂತು ಅವಳದ್ದೇ ಪುಸ್ತಕದಲ್ಲಿ ಲೆಕ್ಕ ಮಾಡಿದೆವು. ಮನೆಯ ಬಲ್ಬು ಒಂಬತ್ತು ವಾಟಿನ ಎಲ್‌ಇಡಿ. ಮೂರು ಗಂಟೆ ಉರಿದರೆ ಇಪ್ಪತ್ತೇಳು. ಸಾವಿರ ಆದರೆ ಒಂದು ಯೂನಿಟ್. ಅಂದರೆ ಮೂರು ಗಂಟೆಗೆ ಒಂದು ಯೂನಿಟ್‌ನ ಸಾವಿರದಲ್ಲಿ ಇಪ್ಪತ್ತೇಳು ಪಾಲು. ಅದಕ್ಕೆ ಮೂರು ರೂಪಾಯಿಯ ದರದಲ್ಲಿ ಎಷ್ಟು? ಹುಡುಗಿ ದಶಮಾಂಶ ಬಿಂದುವನ್ನು ಎರಡು ಸಲ ಜಾಗ ಬದಲಿಸಿದಳು. ಮೂರನೆಯ ಸಲ ಸರಿ ಬಂತು. ಎಂಟು ಪೈಸೆ. ಒಂಬತ್ತು ರೂಪಾಯಿ ಅಲ್ಲ, ಎಂಟು ಪೈಸೆ. ತಿಂಗಳಿಡೀ ರಾತ್ರಿ ಓದದೆ ಕೂತರೆ ಎರಡೂವರೆ ರೂಪಾಯಿ ಆಗುವುದಿಲ್ಲ.

ಯಾರೂ ಏನೂ ಮಾತಾಡಲಿಲ್ಲ. ಅಮ್ಮ ಕೈಯಲ್ಲಿದ್ದ ಬೀಡಿಯ ಎಲೆಯನ್ನು ತಡ್ಪೆಗೆ ಹಾಕಿದರು. ಆ ಎರಡು ವಾರ ಕಂಬದ ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿ ಕಟ್ಟಿದ ಬೀಡಿಯಲ್ಲಿ ಎಷ್ಟು ತಿರಸ್ಕಾರವಾಗಿ ವಾಪಸು ಬಂದಿತೋ, ಕೇಳುವ ಧೈರ್ಯ ನಮಗಾಗಲಿಲ್ಲ.

ಆಗ ಅಜ್ಜಿ ತುಳುವಿನಲ್ಲಿ ಒಂದು ಮಾತು ಹೇಳಿದರು. ಅವರಿಗೆ ಹಿಂದೆ ಒಂದು ದನ ಇತ್ತಂತೆ. ಬೆಳಿಗ್ಗೆ ಕರೆದ ಹಾಲು ಎಲ್ಲ ಸೊಸೈಟಿಗೆ. ಮಕ್ಕಳು ಕುಡಿದದ್ದು ಕಪ್ಪು ಚಾಯ. "ಹಾಲು ಮಾರಿದ ಹಣ ಬಂತು ಮಾಸ್ಟ್ರೇ. ಆದರೆ ಮಕ್ಕಳು ಸಪೂರವೇ ಆದರು. ಅದೇ ತಪ್ಪು ಇದು."

ಹಾಲಿನ ವಿಷಯದಲ್ಲಿ ಅಜ್ಜಿಗೆ ಬೇರೆ ದಾರಿ ಇರಲಿಲ್ಲವೇನೋ. ಕುಡಿದರೆ ಹಣ ಇಲ್ಲ, ಮಾರಿದರೆ ಹಾಲು ಇಲ್ಲ. ಕರೆಂಟಿನಲ್ಲಿ ಹಾಗಲ್ಲ. ಇಲ್ಲಿ ಕುಡಿದರೂ ಬೇಕಾದಷ್ಟು ಮಿಗುತ್ತದೆ. ಮಳೆಗಾಲದ ಆ ಕಡಿಮೆ ತಿಂಗಳಲ್ಲೂ ಎಪ್ಪತ್ತು ಯೂನಿಟ್ ಮಿಕ್ಕಿತ್ತಲ್ಲ! ಆ ಒಂದು ತಿಂಗಳ ಮಿಗತೆಯಲ್ಲಿ ಅದೇ ಬಲ್ಬನ್ನು ದಿನಕ್ಕೆ ಮೂರು ಗಂಟೆಯಂತೆ ಏಳು ವರ್ಷ ಉರಿಸಬಹುದಿತ್ತು.

ಸೋಮವಾರ ಗಣಿತದ ಪಾಠ ಮತ್ತೆ ಮೊದಲಿನಿಂದ. ಈ ಸಲ ಇಸ್ತ್ರಿಪೆಟ್ಟಿಗೆ ಬಿಟ್ಟು, ಮನೆಯಲ್ಲಿ ಇರುವ ಸಾಮಾನುಗಳ ವಾಟು ಬರೆದು ತರಲು ಹೇಳಿದೆವು. ಒಂದು ಯೂನಿಟ್‌ನಲ್ಲಿ ಯಾವುದು ಎಷ್ಟು ಹೊತ್ತು ನಡೆಯುತ್ತದೆ ಎಂದು ಮಕ್ಕಳೇ ಲೆಕ್ಕ ಹಾಕಿದರು. ಒಂಬತ್ತು ವಾಟಿನ ಬಲ್ಬು ನೂರ ಹನ್ನೊಂದು ಗಂಟೆ, ಅಂದರೆ ಮೂವತ್ತೇಳು ರಾತ್ರಿಯ ಓದು. ಎಪ್ಪತ್ತೈದು ವಾಟಿನ ಫ್ಯಾನು ಹದಿಮೂರು ಗಂಟೆ. ಐವತ್ತು ವಾಟಿನ ಟಿವಿ ಇಪ್ಪತ್ತು ಗಂಟೆ. ಪಟ್ಟಿಯನ್ನು ಬಿಲ್ಲಿನ ಚಿತ್ರದ ಪಕ್ಕದಲ್ಲೇ ಅಂಟಿಸಿದೆವು. ಟಿವಿಯ ಸಾಲು ಹಾಕಬಾರದಿತ್ತು ಎಂದು ಕೆಲವು ಅಮ್ಮಂದಿರು ಆಮೇಲೆ ತಕರಾರು ತೆಗೆದರು, ಅದು ಬೇರೆ ಮಾತು.

ಮಳೆಗಾಲದಲ್ಲಿ ಯಾಕೆ ಕಡಿಮೆ ಎಂಬುದೂ ಪಾಠವಾಯಿತು. ಬಿಸಿಲು ಚೆನ್ನಾಗಿರುವ ದಿನ ಒಂದು ಕಿಲೋವಾಟಿಗೆ ಸುಮಾರು ನಾಲ್ಕು ಯೂನಿಟ್ ಆಗುತ್ತದೆ. ಎರಡು ಕಿಲೋವಾಟಿಗೆ ಎಂಟು, ತಿಂಗಳಿಗೆ ಇನ್ನೂರ ನಲವತ್ತು. ಆಟಿಯ ಮೋಡ ಕವಿದರೆ ಅದರ ಅರ್ಧ. ಕಡಿಮೆಯಾದದ್ದು ಸೂರ್ಯನ ಕಡೆಯಿಂದ, ಅಡುಗೆಮನೆಯ ದೀಪದಿಂದ ಅಲ್ಲ. ವರ್ಷದ ಸರಾಸರಿ ತಿಂಗಳಿಗೆ ಇನ್ನೂರು ಎಂದು ಹಿಡಿದರೆ, ಮನೆಯ ಖರ್ಚು ಅರವತ್ತು ಕಳೆದು, ವರ್ಷಕ್ಕೆ ಮಿಗುವುದು ಸಾವಿರದ ಆರುನೂರ ಎಂಬತ್ತು. ಮೂರು ರೂಪಾಯಿಯಂತೆ ಐದು ಸಾವಿರದ ಆಸುಪಾಸು. ಅದರಲ್ಲಿ ಮೀಟರಿನ ನಿಗದಿ ಶುಲ್ಕ ಹೋಗುತ್ತದೆ. ಉಳಿದದ್ದನ್ನು ದಿನಕ್ಕೆ ಹಂಚಿದರೆ ಹದಿಮೂರು ರೂಪಾಯಿಯೂ ಇಲ್ಲ. ಇದು ಬಂದರೆ ಒಳ್ಳೆಯದೇ. ಜೂನ್‌ನಲ್ಲಿ ಕೊಡೆ, ಪುಸ್ತಕ, ಚಪ್ಪಲಿ ಎಲ್ಲ ಒಟ್ಟಿಗೆ ಬರುವ ಮನೆಗಳಿಗೆ ಅದು ದೊಡ್ಡ ಆಸರೆ. ಆದರೆ ಇದರಿಂದ ಸಂಸಾರ ನಡೆಯುತ್ತದೆ ಎಂದು ಆಸೆ ಹುಟ್ಟಿಸಬಾರದು. ನಾವು ಗೊತ್ತಿಲ್ಲದೆ ಅದನ್ನೇ ಹುಟ್ಟಿಸಿದ್ದೆವು.

ಇನ್ನೊಂದು ಲೆಕ್ಕ ನಮಗೇ ಆಶ್ಚರ್ಯ ತಂದಿತು. ಒಂದು ಅಡುಗೆ ಗ್ಯಾಸ್ ಸಿಲಿಂಡರಿನಲ್ಲಿ 14.2 ಕಿಲೋ ಗ್ಯಾಸ್ ಇರುತ್ತದೆ. ಅಷ್ಟೇ ಅಡುಗೆಯನ್ನು ಇಂಡಕ್ಷನ್ ಒಲೆಯಲ್ಲಿ ಮಾಡಿದರೆ ಸುಮಾರು ನೂರ ಇಪ್ಪತ್ತು ಯೂನಿಟ್ ಬೇಕು. ಆ ನೂರ ಇಪ್ಪತ್ತು ಯೂನಿಟ್ ಮಾರಿದರೆ ಬರುವುದು ಮುನ್ನೂರ ಅರವತ್ತು ರೂಪಾಯಿ. ಸಬ್ಸಿಡಿ ಇಲ್ಲದೆ ಸಿಲಿಂಡರಿಗೆ ಕೊಡಬೇಕಾದದ್ದು ಎಂಟುನೂರಕ್ಕೂ ಮೇಲೆ! ಅಂದರೆ ಮಾರುವುದಕ್ಕಿಂತ ಬೇಯಿಸುವುದರಲ್ಲಿ ಎರಡು ಪಟ್ಟು ಲಾಭ. ಸೌದೆ ಒಲೆಯಲ್ಲಿ ಬೇಯಿಸುವವರಿಗೆ ಹಣದ ಲಾಭ ಅಷ್ಟಿಲ್ಲ, ಹೊಗೆ ಇಲ್ಲದ ಲಾಭ ಉಂಟು. ಆದರೆ ಇಂಡಕ್ಷನ್ ಒಲೆ ಒಂದೂವರೆ, ಎರಡು ಸಾವಿರ ವಾಟು ಎಳೆಯುತ್ತದೆ. ಮನೆಯ ವಯರಿಂಗ್ ತಡೆಯುತ್ತದಾ ಎಂದು ತಿಳಿದವರಿಗೆ ತೋರಿಸದೆ ಹಚ್ಚಬಾರದು. ಇಷ್ಟನ್ನೂ ಕುಟುಂಬಶ್ರೀಯ ಸಭೆಗೆ ನಾವೇ ಹೋಗಿ ಹೇಳಿದೆವು. ಈ ಸಲ ಮಕ್ಕಳ ಮೇಲೆ ಹೊರಿಸಲಿಲ್ಲ.

ಸಭೆಯಲ್ಲಿ ಬಂದ ಒಂದು ಪ್ರಶ್ನೆಗೆ ನಮಗೂ ಉತ್ತರ ಗೊತ್ತಿರಲಿಲ್ಲ. "ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ನಮ್ಮ ಮನೆಯಲ್ಲೂ ಕರೆಂಟು ಇಲ್ಲ. ಮಾಡಿನ ಮೇಲೆ ಬಿಸಿಲು ಉಂಟು, ಫಲಕ ಉಂಟು, ಆದರೂ ಇಲ್ಲ. ಇದು ಯಾವ ನ್ಯಾಯ?" ಕೇಳಿದವರು ನಗರದ ಹಿರಿಯ ಹೆಂಗಸು. ಕೇಳಿ ತಿಳಿದು ಮುಂದಿನ ವಾರ ಹೇಳಿದೆವು. ಲೈನ್ ಸತ್ತಾಗ ಈ ಇನ್ವರ್ಟರ್ ತಾನಾಗಿ ನಿಲ್ಲುವ ಹಾಗೆ ಮಾಡಿದ್ದಾರೆ. ಇಲ್ಲದಿದ್ದರೆ ಕಂಬ ಹತ್ತಿ ತಂತಿ ಕಟ್ಟುವ ಲೈನ್‌ಮ್ಯಾನಿಗೆ ನಮ್ಮ ಮನೆಯ ಕರೆಂಟು ಹೊಡೆಯುತ್ತದೆ. "ಹಾಗಾದರೆ ಸರಿ, ಅವನೂ ಮಕ್ಕಳೊಂದಿಗ" ಎಂದರು ಅವರು. ಅಲ್ಲಿಗೆ ನ್ಯಾಯ ತೀರ್ಮಾನವಾಯಿತು.

ಮಕ್ಕಳಿಗೆ ಸೋಲಾರ್ ಹೊಸತಲ್ಲ. ಪೈವಳಿಕೆಯ ಕಡೆ ಹೋಗುವಾಗ ಪದವಿನ ತುಂಬ ನೀಲಿ ಫಲಕಗಳನ್ನು ಅವರು ಕಂಡಿದ್ದಾರೆ. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ 250 ಎಕ್ರೆಯಲ್ಲಿ ಹರಡಿರುವ 50 ಮೆಗಾವಾಟಿನ ಸ್ಥಾವರ ಅದು, 2021ರ ಫೆಬ್ರವರಿಯಲ್ಲಿ ದೇಶಕ್ಕೆ ಸಮರ್ಪಣೆಯಾಯಿತು. ಕನ್ನಡ ತುಳು ಮಾತಾಡುವ ಊರುಗಳ ನಡುವೆಯೇ ಇದೆ. ತರಗತಿಯಲ್ಲಿ ಒಂದು ಭಾಗಾಕಾರ ಕೊಟ್ಟೆವು. ಆ ಸ್ಥಾವರಕ್ಕೆ ಸಮ ಆಗಬೇಕಾದರೆ ಎರಡು ಕಿಲೋವಾಟಿನ ಎಷ್ಟು ಮನೆ ಬೇಕು? ಇಪ್ಪತ್ತೈದು ಸಾವಿರ ಮನೆ. "ಅಷ್ಟು ಮನೆ ಇದ್ದರೆ ಪದವು ಬೇಡ ಅಲ್ವಾ ಸರ್, ಆಡಿಗೆ ಮೇಯಲಿಕ್ಕೆ ಆಗ್ತದೆ" ಎಂದ ಹಡಗಿನ ಹುಡುಗ. ಲೆಕ್ಕದಲ್ಲಿ ಅವನಿಗೆ ಯಾವಾಗಲೂ ಅರ್ಧ ಮಾರ್ಕು, ಆ ದಿನ ಪೂರ್ತಿ ಕೊಟ್ಟೆವು.

ದೂರದ ಊರುಗಳ ಕತೆಯನ್ನೂ ಹೇಳಿದೆವು. ಬ್ರೆಜಿಲ್ ದೇಶದ ಬಹಿಯಾ ರಾಜ್ಯದಲ್ಲಿ ಜುವಾಝೇರು ಎಂಬ ಊರು ಉಂಟು. ಅಲ್ಲಿ ಸರಕಾರಿ ವಸತಿ ಯೋಜನೆಯ ಸುಮಾರು ಸಾವಿರ ಮನೆಗಳ ಮಾಡಿಗೆ ಫಲಕ ಹಾಕಿ, 2014ರ ಸುಮಾರಿಗೆ ಕರೆಂಟು ಮಾರಲು ಶುರು ಮಾಡಿದರು. ಬಂದ ಹಣದಲ್ಲಿ ಒಂದು ಪಾಲು ಮನೆಯವರಿಗೆ, ಒಂದು ಪಾಲು ಬಡಾವಣೆಯ ಎಲ್ಲರ ಕೆಲಸಕ್ಕೆ, ಒಂದು ಪಾಲು ಫಲಕಗಳ ರಿಪೇರಿಗೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಬಡವರು ಬಾಡಿಗೆಗೆ ಇರುವ ದೊಡ್ಡ ಕಟ್ಟಡಗಳಿಗೆ ಫಲಕ ಹಾಕಲು 2015ರಲ್ಲಿ ಕಾನೂನು ಆಯಿತು. ಕರೆಂಟಿನ ಅರ್ಧಕ್ಕಿಂತ ಹೆಚ್ಚು ಪಾಲು ಬಾಡಿಗೆದಾರರ ಬಿಲ್ಲಿಗೆ ಹೋಗಬೇಕು, ಕಟ್ಟಡದ ಒಡೆಯನೇ ಎಲ್ಲ ಇಟ್ಟುಕೊಳ್ಳುವ ಹಾಗಿಲ್ಲ ಎಂಬ ಕಟ್ಟುಪಾಡು. ಇದನ್ನು ಹೇಳುವಾಗ ನಮ್ಮಲ್ಲೇ ಬಾಡಿಗೆ ಮನೆಯಲ್ಲಿ ಇರುವ ಇಬ್ಬರು ಮಾಸ್ಟ್ರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಮಾಡಿನ ಬಿಸಿಲು ಅವರದ್ದಲ್ಲ. ಲೈಫ್ ಮನೆಯ ಮಕ್ಕಳಿಗೆ ಆ ಒಂದು ವಿಷಯದಲ್ಲಿ ಮಾಸ್ಟ್ರಿಗಿಂತ ಹೆಚ್ಚು ಉಂಟು. ಮನೆಯೂ ಅವರ ಹೆಸರಿನಲ್ಲಿ, ಮೀಟರೂ ಅವರ ಹೆಸರಿನಲ್ಲಿ.

ಜುವಾಝೇರಿನ ಮೂರನೆಯ ಪಾಲು ಹೆಂಗಸರಿಗೆ ಮನಸ್ಸಿಗೆ ಬಂತು. ಫಲಕ ಇಪ್ಪತ್ತೈದು ವರ್ಷ ಬಾಳುತ್ತದೆ ಎನ್ನುತ್ತಾರೆ, ಆದರೆ ಇನ್ವರ್ಟರ್ ಅಷ್ಟು ಬಾಳುವುದಿಲ್ಲ. ಅದು ಹಾಳಾದ ದಿನ ಹಣ ಎಲ್ಲಿಂದ? ಬಂದ ಹಣದಲ್ಲಿ ಪ್ರತಿ ಮನೆಯವರೂ ಸ್ವಲ್ಪ ಸ್ವಲ್ಪ ತೆಗೆದು ಕುಟುಂಬಶ್ರೀಯ ಪುಸ್ತಕದಲ್ಲಿ ಬೇರೆ ಇಡುವುದೆಂದು ಮಾತಾಯಿತು. ಕೋರೆಯ ಧೂಳು ಕೂತು ಫಲಕ ಮಸುಕಾದರೆ ಕರೆಂಟು ಕಡಿಮೆ ಆಗುತ್ತದೆ. ಬೇಸಗೆಯಲ್ಲಿ ಬೆಳಿಗ್ಗೆ, ಬಿಸಿಲೇರುವ ಮೊದಲು, ನೀರು ಹಾಕಿ ತೊಳೆಯುವ ಕೆಲಸವನ್ನು ಯುವಕರು ಒಪ್ಪಿಕೊಂಡರು. ಮಕ್ಕಳು ಹತ್ತಬಾರದು ಎಂದು ನಾವು ಗಟ್ಟಿಯಾಗಿ ಹೇಳಿ ಬಂದೆವು.

ನಮ್ಮ ಹುಡುಗಿ ಆ ಪಟ್ಟಿಯನ್ನು ಮುಂದುವರಿಸಿದಳು. ದೀಪ ಆರಿಸಿದ ಗಂಟೆ ಎಂದಿದ್ದ ಜಾಗದಲ್ಲಿ ಈಗ 'ಓದಿದ ಗಂಟೆ' ಎಂದು ಉಂಟು. ಹಣದ ಸಾಲಿನಲ್ಲಿ ಪೈಸೆಯ ಲೆಕ್ಕ, ದಶಮಾಂಶ ಬಿಂದು ಸರಿಯಾದ ಜಾಗದಲ್ಲಿ. ಓಣಂ ಪರೀಕ್ಷೆಯಲ್ಲಿ ಗಣಿತದಲ್ಲಿ ಒಳ್ಳೆಯ ಅಂಕ ಬಂತು. ನಾವು ಹೊಗಳಿದಾಗ ಅವಳು ಹೇಳಿದ್ದು, "ಅಮ್ಮ ಈಗ ನನ್ನ ಹತ್ತಿರವೇ ಒಳಗೆ ಕೂತು ಬೀಡಿ ಕಟ್ಟುವುದು ಟೀಚರ್. ಒಂದೇ ಬಲ್ಬು, ಇಬ್ಬರಿಗೂ ಆಗ್ತದೆ." ಎಂಟು ಪೈಸೆಯಲ್ಲಿ ಇಬ್ಬರ ಕೆಲಸ ಎಂದು ಅವಳು ಅದನ್ನೂ ಲೆಕ್ಕಕ್ಕೆ ತಂದಿದ್ದಳು.

ಅಷ್ಟಾದರೂ ಎರಡು ಮನೆಗಳಲ್ಲಿ ಇನ್ನೂ ರಾತ್ರಿ ಬೇಗ ದೀಪ ಆರುತ್ತದೆ ಎಂದು ಮಕ್ಕಳು ಹೇಳುತ್ತಾರೆ. ಒಂದು ಸಲ ಮನಸ್ಸಿಗೆ ಹೋದ ಲೆಕ್ಕ, ತಪ್ಪಾಗಿದ್ದರೂ, ಸುಲಭದಲ್ಲಿ ಹೊರಗೆ ಬರುವುದಿಲ್ಲ. ಆ ಮನೆಗಳಿಗೆ ಇನ್ನೊಮ್ಮೆ ಹೋಗಬೇಕು. ಹಗಲು ಹೋದರೆ ಗೊತ್ತಾಗುವುದಿಲ್ಲ, ರಾತ್ರಿಯೇ ಹೋಗಬೇಕು.

ಗಡಿನಾಡಿನ ಕನ್ನಡ ಶಾಲೆಗಳ ಗೆಳೆಯರಲ್ಲಿ ಒಂದು ವಿನಂತಿ. ನಿಮ್ಮ ಮಕ್ಕಳ ಮನೆಯ ಮೇಲೂ ಫಲಕ ಬಂದಿರಬಹುದು, ಬರಲೂಬಹುದು. 2024ರಲ್ಲಿ ಶುರುವಾದ ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಎರಡು ಕಿಲೋವಾಟಿಗೆ 60 ಸಾವಿರ ರೂಪಾಯಿ ಸಬ್ಸಿಡಿ ನಿಗದಿ ಮಾಡಿದ್ದಾರೆ. ಕೇರಳವಿರಲಿ, ತಮಿಳುನಾಡಿರಲಿ, ಮಹಾರಾಷ್ಟ್ರ, ಆಂಧ್ರವಿರಲಿ, ಬಿಲ್ಲು ನಮ್ಮ ಮಕ್ಕಳು ಮನೆಯಲ್ಲಿ ಆಡುವ ಭಾಷೆಯಲ್ಲಿ ಇರುವುದು ಅಪರೂಪ. ಅದನ್ನು ಓದಿ ಹೇಳುವ ಕೆಲಸ ಬೀಳುವುದು ಮಕ್ಕಳ ಮೇಲೆ, ಮಕ್ಕಳು ಬಂದು ಕೇಳುವುದು ನಮ್ಮ ಹತ್ತಿರ. ಹೇಳಿಕೊಡಿ. ಆದರೆ ಯೂನಿಟ್‌ನ ಲೆಕ್ಕ ಹೇಳುವ ದಿನವೇ ಬಲ್ಬಿನ ಲೆಕ್ಕವನ್ನೂ ಹೇಳಿ. ಇಸ್ತ್ರಿಪೆಟ್ಟಿಗೆಯ ಉದಾಹರಣೆ ಮಾತ್ರ ಬೇಡ.